ಗುಡ್ಡ ಬಿಟ್ಟು ಅಂಗಳಕ್ಕೆ ಬಂದ ಕೇಪಳ



ದತ್ತಿ ಉಪನ್ಯಾಸದ ವಿಷಯಕ್ಕೆ ಒಂದು ತೂಕ ಇರಬೇಕು ಎನ್ನುವುದು ವಾಡಿಕೆ. ಇವತ್ತಿನ ವಿಷಯವೋ ಸೊಂಟದೆತ್ತರದ ಒಂದು ಪೊದೆ. ಬಿಟ್ಟರೆ ಆಳೆತ್ತರ ಬೆಳೆದೀತು, ಅದಕ್ಕಿಂತ ಮೇಲೆ ಹೋಗುವುದು ಅಪರೂಪ. ಶಂಕರಪುರದ ಮಲ್ಲಿಗೆಯಂತೆ ಇದರ ಹೂವಿಗೆ ಚೆಂಡು, ಅಟ್ಟೆಯ ಲೆಕ್ಕವಿಲ್ಲ, ದಿನದ ದರವಿಲ್ಲ. ಯಾರೂ ನೆಡದೆ, ಯಾರೂ ನೀರು ಹಾಕದೆ ಗುಡ್ಡದ ಮೇಲೆ ಬೆಳೆದು, ಬೇಸಗೆಯ ಉರಿಬಿಸಿಲಿನಲ್ಲಿ ಗೊಂಚಲುಗಟ್ಟಲೆ ಕೆಂಪು ಹೂ ಬಿಡುವ ಗಿಡ ಅದು. ಕರಾವಳಿಯ ಕನ್ನಡದಲ್ಲಿ ಕೇಪಳ, ತುಳುವಿನಲ್ಲಿ ಕೇಪುಳ. ಕೆಲವೆಡೆ ಗುಡ್ಡೆದಾಸಾಳ, ಕೆಲವೆಡೆ ಕಿಸ್ಗಾರ.

ಮಂಗಳೂರು, ಉಡುಪಿ, ಮಣಿಪಾಲದ ಸುತ್ತ ಹೊಸ ಬಡಾವಣೆ ಏಳುವ ಬಗೆ ಎಲ್ಲರೂ ನೋಡಿದ್ದೇ. ಮೊದಲು ಗುಡ್ಡಕ್ಕೆ ಜೆಸಿಬಿ ಬರುತ್ತದೆ. ನಾಲ್ಕಾರು ದಿನದಲ್ಲಿ ನೆಕ್ಕರೆ, ಕುಂಟಾಲ, ಕರಂಡೆ, ಕೇಪಳ ಎಲ್ಲವೂ ಬೇರುಸಮೇತ ಟಿಪ್ಪರ್ ಏರುತ್ತವೆ. ಗುಡ್ಡ ಬೋಳಾಗುತ್ತದೆ, ಮುರಕಲ್ಲು ಮೇಲೆ ಬರುತ್ತದೆ, ಸೈಟಿನ ಗುರುತುಕಲ್ಲು ಬೀಳುತ್ತದೆ. ಮನೆ ಎದ್ದು, ಕಂಪೌಂಡು ಎದ್ದು, ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ನರ್ಸರಿಯ ಟೆಂಪೋ ಬಂದು ನಿಲ್ಲುತ್ತದೆ. ಅದರಿಂದ ಇಳಿಯುವ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರ ಹೆಸರು ಇಕ್ಸೋರಾ. ಟಿಪ್ಪರಿನಲ್ಲಿ ಹೋದ ಗಿಡದ ದಾಯಾದಿಯೇ ಟೆಂಪೋದಲ್ಲಿ ವಾಪಸು ಬಂದಿರುತ್ತದೆ, ಈ ಸಲ ದುಡ್ಡು ಕೊಟ್ಟು.

ಆರೇಳು ತಿಂಗಳು ಗಿಡ ಚೆನ್ನಾಗಿರುತ್ತದೆ. ಆಮೇಲೆ ಕುಡಿಯೆಲೆ ಹಳದಿ ತಿರುಗುತ್ತದೆ. ಮನೆಯವರು ನೀರು ಹೆಚ್ಚು ಮಾಡುತ್ತಾರೆ, ಗೊಬ್ಬರ ಹಾಕುತ್ತಾರೆ, ಒಲೆಬೂದಿ ಹಾಕುತ್ತಾರೆ. ಹಳದಿ ಇನ್ನೂ ಹೆಚ್ಚಾಗುತ್ತದೆ. ಗುಡ್ಡದಲ್ಲಿ ಯಾರ ಹಂಗೂ ಇಲ್ಲದೆ ಬದುಕುವ ಗಿಡ ಅಂಗಳದಲ್ಲಿ ಇಷ್ಟೆಲ್ಲ ಆರೈಕೆಯ ನಡುವೆ ಯಾಕೆ ಸೊರಗುತ್ತದೆ? ಈ ಉಪನ್ಯಾಸ ಹಿಡಿದು ಹೊರಟಿರುವುದು ಈ ಒಂದು ಪ್ರಶ್ನೆಯನ್ನು. ದಾರಿಯಲ್ಲಿ ಅಷ್ಟಿಷ್ಟು ಅಡ್ಡಾಡಿದರೆ ಸಭೆ ಕ್ಷಮಿಸಬೇಕು.

ಮೊದಲ ಅಡ್ಡದಾರಿ ಹೆಸರಿನದು. ಕಿಸ್ಗಾರ, ಕಿಸುಕಾರೆ ಎಂಬ ಹೆಸರುಗಳ ಮೊದಲಲ್ಲಿರುವ ‘ಕಿಸು’ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು. ಅಲ್ಲಿ ಕೆಂಪಾದದ್ದು ಮರಳುಗಲ್ಲು, ಇಲ್ಲಿ ಹೂ. ಹೀಗೆ ಕನ್ನಡದ ಹೆಸರು ಬಣ್ಣದಿಂದ ಬಂದರೆ ಶಾಸ್ತ್ರದ ಹೆಸರು ದೇವರಿಂದ ಬಂತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ‘ಹೋರ್ತುಸ್ ಮಲಬಾರಿಕುಸ್’ ಎಂಬ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅದು ಅಚ್ಚಾಯಿತು. ಗಿಡಗಳನ್ನು ಗುರುತಿಸಿಕೊಟ್ಟವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ಇದ್ದ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ಅವರ ಹೇಳಿಕೆ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ. ಈ ಗ್ರಂಥದಲ್ಲಿ ಕೇಪಳ ಚೆತ್ತಿ ಎಂಬ ಮಲಯಾಳಂ ಹೆಸರಿನಲ್ಲಿ ಬರುತ್ತದೆ, ದೇವರಿಗೆ ಏರಿಸುವ ಹೂವಾಗಿ ಬರುತ್ತದೆ.

ಆಗಿನ ಪಶ್ಚಿಮ ಕರಾವಳಿಯಲ್ಲಿ ಯುರೋಪಿನವರ ಬಾಯಲ್ಲಿ ಈಶ್ವರ ಎಂಬ ಹೆಸರು ಪೋರ್ಚುಗೀಸ್ ಬರವಣಿಗೆಯಲ್ಲಿ ಚಲಾವಣೆಯಲ್ಲಿತ್ತು. ಪೋರ್ಚುಗೀಸರು ‘ಶ’ಕಾರದ ಉಚ್ಚಾರಕ್ಕೆ ಬಳಸುವ ಅಕ್ಷರವನ್ನು ಉಳಿದ ಯುರೋಪು ‘ಕ್ಸ’ ಎಂದು ಓದುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಕ್ಕೆ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಟ್ಟ. ಕಾಕ್ಸಿನಿಯಾ ಎಂದರೆ ಕಡುಗೆಂಪು. ಇಕ್ಸೋರಾ ಎಂದರೆ ನಮ್ಮ ಈಶ್ವರನೇ. ಇಲ್ಲಿಂದ ಈಶ್ವರನಾಗಿ ಹಡಗು ಹತ್ತಿದವನು ಇಕ್ಸೋರಾ ಆಗಿ ನರ್ಸರಿಯ ಬೋರ್ಡಿಗೆ ಬಂದು ಕೂತಿದ್ದಾನೆ. ನರ್ಸರಿಗೆ ಹೋಗಿ ಕೇಪಳ ಕೊಡಿ ಎಂದರೆ ‘ಅದಿಲ್ಲ, ಇಕ್ಸೋರಾ ಇದೆ’ ಎಂಬ ಉತ್ತರ ಸಿಗುವುದೂ ಉಂಟು.

ತಮಿಳರಿಗೆ ಇದೇ ಹೂ ವೆಟ್ಚಿ. ಅವರ ಪ್ರಾಚೀನ ಲಕ್ಷಣಗ್ರಂಥ ತೊಲ್ಕಾಪ್ಪಿಯಂ ಹೇಳುವ ಯುದ್ಧದ ವಿಭಾಗಗಳಲ್ಲಿ ಮೊದಲನೆಯದರ ಹೆಸರೇ ವೆಟ್ಚಿ. ವೈರಿಯ ದನಗಳನ್ನು ಹೊಡೆದುಕೊಂಡು ಬರಲು ಹೊರಡುವ ಪಡೆ ಈ ಹೂ ಮುಡಿಯುತ್ತಿತ್ತು. ಅದನ್ನೇ ಕನ್ನಡದ ಶಾಸನಗಳು ತುರುಗೋಳ್ ಎನ್ನುತ್ತವೆ, ತುರುಗೋಳಿನಲ್ಲಿ ಸತ್ತವರ ವೀರಗಲ್ಲುಗಳು ಕರ್ನಾಟಕದ ಊರೂರಿನಲ್ಲಿ ನಿಂತಿವೆ. ತುಳುನಾಡಿನ ಭೂತಕೋಲದಲ್ಲಿ ತೆಂಗಿನ ತಿರಿ, ಅಡಕೆಯ ಪಿಂಗಾರದ ಜೊತೆಗೆ ಕೇಪುಳದ ಕೆಂಪು ಬೇಕು. ಕಾಸರಗೋಡಿನಿಂದ ಕೆಳಗೆ ತೆಯ್ಯಂ ಕಟ್ಟುವವರ ಹಣೆಪಟ್ಟಿಯ ಬೆಳ್ಳಿಯ ನಡುವೆಯೂ ಇದೇ ಕೆಂಪು. ರಕ್ತದ ಬಣ್ಣದ ಹೂವನ್ನು ಈ ನೆಲದ ಜನ ಎಲ್ಲೆಲ್ಲಿ ಇಟ್ಟರು ಎಂದು ನೋಡಿದರೆ ಅದು ಬರೀ ಅಂದಕ್ಕೆ ಇಟ್ಟದ್ದಲ್ಲ ಎಂದು ತಿಳಿಯುತ್ತದೆ.

ಇನ್ನು ಹೂವನ್ನೇ ಹತ್ತಿರದಿಂದ ನೋಡೋಣ.

ಗೆಲ್ಲಿನ ತುದಿಯಲ್ಲಿ ಹಿಡಿಗಾತ್ರದ ಒಂದು ಗೊಂಚಲು. ಒಂದೊಂದು ಗೊಂಚಲಿನಲ್ಲಿ ಹತ್ತಾರು ಹೂ. ಪ್ರತಿ ಹೂವಿಗೂ ಮೂರು, ಮೂರೂವರೆ ಸೆಂಟಿಮೀಟರ್ ಉದ್ದದ, ದಪ್ಪ ನೂಲಿನಷ್ಟೇ ಸಪೂರವಾದ ಒಂದು ನಳಿಗೆ. ಅದರ ತುದಿಯಲ್ಲಿ ಶಿಲುಬೆಯಂತೆ ನಾಲ್ಕು ಎಸಳು. ಕಾಡಿನ ಕೇಪಳದ ಎಸಳಿನ ತುದಿ ಚೂಪು. ಇದನ್ನು ನೆನಪಿಡಬೇಕು, ಮುಂದೆ ನರ್ಸರಿಗೆ ಹೋದಾಗ ಕೆಲಸಕ್ಕೆ ಬರುತ್ತದೆ. ಮಕ್ಕಳಿಗೆ ಈ ನಳಿಗೆಯ ಮರ್ಮ ಯಾರೂ ಹೇಳಿಕೊಡಬೇಕಿಲ್ಲ. ಹೂವನ್ನು ಬುಡದಿಂದ ಕಿತ್ತು ಬುಡದ ತುದಿಯನ್ನು ನಾಲಗೆಗೆ ತಾಗಿಸಿದರೆ ಸಾಸಿವೆಯಷ್ಟು ಜೇನು ಸಿಗುತ್ತದೆ. ಒಂದರ ನಳಿಗೆಯನ್ನು ಇನ್ನೊಂದರ ಬಾಯಿಗೆ ತೂರಿಸುತ್ತ ಹೋದರೆ ನೂಲಿಲ್ಲದೆ ಉಂಗುರ, ಬಳೆ ಆಗುತ್ತದೆ. ಬೇಸಗೆ ರಜೆಯಲ್ಲಿ ಹೂ ಉದುರಿದ ಜಾಗದಲ್ಲಿ ಬಟಾಣಿ ಗಾತ್ರದ ಹಣ್ಣು. ಕೆಂಪಾಗಿ, ಕಡುಗೆಂಪಾಗಿ, ಕಪ್ಪಿಗೆ ತಿರುಗುವಾಗ ತಿನ್ನಬೇಕು. ಸಿಹಿಯ ಹಿಂದೆಯೇ ಸ್ವಲ್ಪ ಒಗರು. ಒಳಗೆ ಎರಡು ಬೀಜ, ಕಾಫಿಬೀಜದ ಹಾಗೆಯೇ ಒಂದಕ್ಕೊಂದು ಎದೆ ಕೊಟ್ಟು ಕೂತಿರುತ್ತವೆ. ಹೋಲಿಕೆ ಸುಮ್ಮನೆ ಬಂದದ್ದಲ್ಲ; ಕೇಪಳ ಕಾಫಿಯ ಕುಟುಂಬದ್ದೇ ಗಿಡ.

ಈ ಹೂವಿನಲ್ಲಿ ಒಂದು ಜಾಣತನವಿದೆ. ಮೊಗ್ಗು ಬಿರಿಯುವ ಮೊದಲೇ ಪರಾಗಕೋಶಗಳು ಒಡೆದು ಪರಾಗವನ್ನು ನಡುವಿನ ಶಲಾಕೆಯ ಮೇಲೆ ಮೆತ್ತಿಬಿಡುತ್ತವೆ. ಹೂ ಬಿರಿದಾಗ ಆ ಶಲಾಕೆ, ಬತ್ತಿಗೆ ಹಿಟ್ಟು ಸವರಿದಂತೆ ಪರಾಗ ಹೊತ್ತು ನಳಿಗೆಯಿಂದ ಹೊರಗೆ ಚಾಚುತ್ತದೆ. ಕೇಸರಗಳ ಕೆಲಸ ಅಲ್ಲಿಗೆ ಮುಗಿಯಿತು, ಬಾಡಿ ಬೀಳುತ್ತವೆ. ಬಂದ ಚಿಟ್ಟೆಯ ಮೈಗೆ ಪರಾಗ ಅಂಟಿ ಹೋದ ಮೇಲೆ, ನಿಧಾನವಾಗಿ ಅದೇ ಶಲಾಕೆಯ ತುದಿ ಎರಡಾಗಿ ಸೀಳಿ ತೆರೆದುಕೊಳ್ಳುತ್ತದೆ. ಈಗ ಅದು ಕೊಡುವುದಲ್ಲ, ಪಡೆಯುವುದು. ಮೊದಲು ಗಂಡಾಗಿ, ಆಮೇಲೆ ಹೆಣ್ಣಾಗಿ ನಿಲ್ಲುವ ಹೂ. ಗೊಂಚಲಿನಲ್ಲಿ ಹೊಸ ಹೂ ಯಾವುದು, ಹಳೆಯದು ಯಾವುದು ಎಂದು ತುದಿ ನೋಡಿಯೇ ಹೇಳಬಹುದು: ಮುಚ್ಚಿದ್ದರೆ ಹೊಸದು, ಕವಲೊಡೆದಿದ್ದರೆ ಹಳೆಯದು. ಅಷ್ಟು ಉದ್ದದ ನಳಿಗೆಯ ಬುಡಕ್ಕೆ ಸಣ್ಣ ಜೇನುನೊಣದ ನಾಲಗೆ ಮುಟ್ಟುವುದಿಲ್ಲ. ಇದು ಚಿಟ್ಟೆಗಳಿಗೆ ಬಡಿಸಿದ ಎಲೆ.

ಬರುವ ಅತಿಥಿಗಳೂ ಸಾಮಾನ್ಯರಲ್ಲ. ಪಶ್ಚಿಮಘಟ್ಟದ ಸದರ್ನ್ ಬರ್ಡ್‌ವಿಂಗ್, ಅಂದರೆ ಕಪ್ಪು ಮುಂರೆಕ್ಕೆ, ಹಳದಿ ಹಿಂರೆಕ್ಕೆಯ, ಹಕ್ಕಿಯೇ ಬಂತೇನೋ ಎಂಬಷ್ಟು ದೊಡ್ಡ ಚಿಟ್ಟೆ, ಕರ್ನಾಟಕದ ರಾಜ್ಯ ಚಿಟ್ಟೆ. ರೆಕ್ಕೆ ಬಿಡಿಸಿದರೆ ಹದಿನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಕೇಪಳದ ಮೇಲೆ ಅದು ಕೂರುವುದಿಲ್ಲ ಎಂದೇ ಹೇಳಬೇಕು. ರೆಕ್ಕೆ ಬಡಿಯುತ್ತಲೇ ನಾಲಗೆ ಇಳಿಸಿ ಹೂವಿನಿಂದ ಹೂವಿಗೆ ಹೋಗುತ್ತದೆ. ಆದರೆ ಅದರ ಹುಳು ಕೇಪಳ ತಿನ್ನುವುದಿಲ್ಲ, ಅದಕ್ಕೆ ಬೇಕಾದದ್ದು ಈಶ್ವರಬಳ್ಳಿಯಂಥ ಬಳ್ಳಿಗಳ ಎಲೆ. ದೊಡ್ಡವಾದ ಮೇಲೆ ಊಟ ಈಶ್ವರನ ಹೆಸರಿನ ಹೂವಿನಲ್ಲಿ, ಚಿಕ್ಕಂದಿನಲ್ಲಿ ಊಟ ಈಶ್ವರನ ಹೆಸರಿನ ಬಳ್ಳಿಯಲ್ಲಿ. ಚಿಟ್ಟೆ ಬೇಕೆನ್ನುವವರು ಎರಡನ್ನೂ ಜೊತೆಯಲ್ಲಿ ಹಾಕಬೇಕು.

ಕೇಪಳದ ಎಲೆಯನ್ನೇ ತಿಂದು ಬೆಳೆಯುವ ಒಂದು ಚಿಟ್ಟೆಯೂ ಇದೆ, ಮಂಕಿ ಪಝಲ್ ಎಂದು ಹೆಸರು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಎಲೆಯ ಮೇಲೆ ಇಳಿದ ಕೂಡಲೇ ಸರಕ್ಕನೆ ತಿರುಗಿಬಿಡುತ್ತದೆ. ಹಿಂರೆಕ್ಕೆಯ ಬಾಲಗಳು ಮೀಸೆಯಂತೆ ಕಂಡು ತಲೆ ಯಾವ ಕಡೆ ಎಂದೇ ಗೊತ್ತಾಗುವುದಿಲ್ಲ. ಇದರ ಹುಳು ಎಳೆ ಎಲೆಗಳಲ್ಲಿ ತೂತು ಮಾಡುತ್ತದೆ. ತೂತು ಕಂಡ ಮನೆಯೊಡೆಯ ಔಷಧದ ಡಬ್ಬಿ ಹುಡುಕುತ್ತಾನೆ. ಚಿಟ್ಟೆಗಾಗಿ ಗಿಡ ನೆಟ್ಟು, ಚಿಟ್ಟೆಯ ಮಗುವಿಗೆ ವಿಷ ಹೊಡೆಯುವುದು ನಮ್ಮ ಕೈತೋಟಗಳಲ್ಲಿ ದಿನವೂ ನಡೆಯುವ ಕಥೆ. ನಾಲ್ಕು ಎಲೆ ಹೋದರೆ ಹೋಗಲಿ ಎನ್ನುವಷ್ಟು ಧಾರಾಳ ಇಲ್ಲದವರು ಪ್ಲಾಸ್ಟಿಕ್ ಹೂ ಇಟ್ಟುಕೊಳ್ಳಬಹುದು.

ಈಗ ಹಳದಿ ಎಲೆಯ ಪ್ರಶ್ನೆಗೆ ಬರೋಣ. ಉತ್ತರ ಗಿಡದಲ್ಲಿಲ್ಲ, ಮಣ್ಣಿನಲ್ಲಿದೆ.

1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದ ಒಂದು ವಿಚಿತ್ರ ಕಲ್ಲಿನ ಬಗ್ಗೆ ಬರೆದ. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆದು, ಕಡಿದು ಗಾಳಿಗೆ ಇಟ್ಟರೆ ಇಟ್ಟಿಗೆಯಂತೆ ಗಟ್ಟಿ. ಲ್ಯಾಟಿನಿನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದಲೇ ಲ್ಯಾಟರೈಟ್ ಎಂದು ಹೆಸರಿಟ್ಟ. ನಾವು ಮುರಕಲ್ಲು, ಜಂಬಿಟ್ಟಿಗೆ ಎನ್ನುವುದು ಇದನ್ನೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಸಾವಿರಾರು ವರ್ಷಗಳ ನೀರು ಬಂಡೆಯೊಳಗಿನ ಸುಣ್ಣದ ಅಂಶ, ಮೆಗ್ನೀಸಿಯಂ ಎಲ್ಲ ತೊಳೆದು ಸಮುದ್ರಕ್ಕೆ ಒಯ್ದಿದೆ. ಕರಗದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಆದ್ದರಿಂದಲೇ ಕಲ್ಲು ಕೆಂಪು, ಮಣ್ಣು ಹುಳಿ. ಇಂಥ ಹುಳಿಮಣ್ಣಿನಲ್ಲಿ ಕಬ್ಬಿಣ ಬೇರಿಗೆ ಸಿಗುವ ರೂಪದಲ್ಲಿ ಇರುತ್ತದೆ. ಕೇಪಳ ಹುಟ್ಟಿ ಬೆಳೆದದ್ದು ಈ ಊಟದ ಮೇಲೆ.

ಮನೆ ಕಟ್ಟುವಾಗ ಏನಾಗುತ್ತದೆ? ಗೋಡೆಯ ಬುಡದಲ್ಲಿ ಸಿಮೆಂಟ್ ಕಲಸಿದ ಜಾಗ, ಒಡೆದ ಗಾರೆ, ಟೈಲ್ಸ್ ಚೂರು, ಸುಣ್ಣ ಬಳಿದ ಬ್ರಶ್ ತೊಳೆದ ನೀರು ಎಲ್ಲ ಮಣ್ಣಿಗೆ ಸೇರುತ್ತದೆ. ಮೇಲೆ ನಾಲ್ಕಿಂಚು ಕೆಂಪುಮಣ್ಣು ಹರಡಿದರೆ ಅಂಗಳ ಚೆಂದವಾಯಿತು. ಅದರಲ್ಲೇ, ಕಂಪೌಂಡಿಗೆ ಅಂಟಿಸಿ, ಸಾಲಾಗಿ ಇಕ್ಸೋರಾ ನೆಡುತ್ತಾರೆ. ಗಡಸು ಬೋರ್‌ವೆಲ್ ನೀರಿರುವ ಕಡೆ ಪೈಪಿನಲ್ಲಿ ದಿನವೂ ಒಂದಿಷ್ಟು ಸುಣ್ಣ ಗಿಡದ ಬುಡಕ್ಕೆ ಬರುತ್ತದೆ. ಮಣ್ಣಿನ ಹುಳಿ ಇಳಿದು ಕ್ಷಾರ ಏರಿದಂತೆ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಮಣ್ಣು ಕೆಂಪಾಗಿಯೇ ಇದೆ, ಕಬ್ಬಿಣ ಬೇಕಾದಷ್ಟು ಇದೆ, ಬೇರಿಗೆ ಮಾತ್ರ ಸಿಗುವುದಿಲ್ಲ. ಕಣಜ ತುಂಬಿದ ಮನೆಯಲ್ಲಿ ಬೀಗದ ಕೈ ಕಳೆದುಕೊಂಡ ಸ್ಥಿತಿ. ಕಬ್ಬಿಣ ಇಲ್ಲದೆ ಎಲೆ ಹಸಿರು ಮಾಡಿಕೊಳ್ಳಲಾರದು.

ರೋಗವನ್ನು ಗುರುತಿಸುವುದು ಸುಲಭ. ಹಳದಿ ಮೊದಲು ಬರುವುದು ಹೊಸ ಎಲೆಗೆ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳಚುತ್ತದೆ, ಹಸಿರು ಬಲೆ ಹಾಸಿದ ಹಾಗೆ. ಹಳೆ ಎಲೆಗಳು ಆಗಲೂ ಹಸಿರೇ. ಗಿಡ ಒಮ್ಮೆ ಎಲೆಗೆ ಕೊಟ್ಟ ಕಬ್ಬಿಣವನ್ನು ಕಿತ್ತು ಕುಡಿಗೆ ಕೊಡಲಾರದು, ಅದಕ್ಕೇ ಹೀಗೆ. ಹಳೆ ಎಲೆಯೇ ಮೊದಲು ಹಳದಿಯಾದರೆ ಕಾರಣ ಬೇರೆ, ಬಹಳ ಸಲ ಸಾರಜನಕದ ಕೊರತೆ. ಅದನ್ನೂ ಇದನ್ನೂ ಬೆರೆಸಿಕೊಂಡು ಯೂರಿಯಾ ಸುರಿದರೆ ಪ್ರಯೋಜನವಿಲ್ಲ.

ಒಲೆಬೂದಿಯ ವಿಷಯ ಇಲ್ಲಿ ಹೇಳಲೇಬೇಕು. ಕರಾವಳಿಯ ಅಜ್ಜಿಯಂದಿರಿಗೆ ಬೂದಿ ಮತ್ತು ಸುಡುಮಣ್ಣು ಸರ್ವರೋಗಕ್ಕೂ ಮದ್ದು. ಬೆಂಡೆ, ಅಲಸಂಡೆ ಸಾಲಿಗೆ ಅದು ಸರಿಯೇ. ಕರಾವಳಿಯ ಹುಳಿಮಣ್ಣಿನಲ್ಲಿ ಆ ಗಿಡಗಳಿಗೆ ಬೂದಿಯ ಕ್ಷಾರ ಹಿಡಿಸುತ್ತದೆ. ಕೇಪಳಕ್ಕೆ ಮಾತ್ರ ಬೂದಿ ಬೇಡವೇ ಬೇಡ. ಬೇಕಾದದ್ದು ತರಗೆಲೆ. ಗುಡ್ಡದಲ್ಲಿ ಅದರ ಬುಡದಲ್ಲಿ ಇರುವುದೂ ಅದೇ. ಹಲಸು, ಗೇರು, ಮಾವಿನ ತರಗೆಲೆಯನ್ನು ನಾಲ್ಕು ಬೆರಳು ದಪ್ಪ ಹಾಸಿ, ಕೊಳೆಯಲು ಬಿಟ್ಟು, ಮಳೆಗಾಲ ಕಳೆದ ಮೇಲೆ ಮತ್ತೆ ಹಾಸುವುದು. ಮಹಡಿಯ ಮಳೆನೀರು ಹಿಡಿದಿಟ್ಟವರು ಮೊದಲ ಪಾಲು ಕೇಪಳಕ್ಕೆ ಕೊಡಬಹುದು. ಈಗಾಗಲೇ ಹಳದಿಯಾದ ಗಿಡಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಒಂದು ಚಿಟಿಕೆ ನಿಂಬೆಉಪ್ಪು ಸೇರಿಸಿ, ಇಳಿಹೊತ್ತಿನಲ್ಲಿ ಎಲೆಗೆ ಸಿಂಪಡಿಸಬೇಕು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಎಚ್ಚರ. ಆದರೆ ಇದು ಜ್ವರಕ್ಕೆ ಕೊಡುವ ಗುಳಿಗೆ. ಬುಡದ ಗಾರೆ ತೆಗೆಯದೆ ಎಷ್ಟು ಸಿಂಪಡಿಸಿದರೂ ಹಳದಿ ಮರಳುತ್ತದೆ.

ಹೊಸದಾಗಿ ನೆಡುವವರಿಗೆ ಇದೆಲ್ಲ ರಗಳೆಯೇ ಬೇಡ. ಗೋಡೆಯಿಂದ ಮೂರಡಿ ಈಚೆ, ದಿನದ ಅರ್ಧಕ್ಕಾದರೂ ಬಿಸಿಲು ಬೀಳುವ ಜಾಗ ನೋಡಬೇಕು. ಒಂದೂವರೆ ಅಡಿ ಗುಂಡಿ ತೋಡಿ, ಸಿಮೆಂಟ್ ಗಂಟು ಸಿಕ್ಕರೆ ಆರಿಸಿ ಹೊರಹಾಕಿ, ಮುರಮಣ್ಣು ಮತ್ತು ಕೊಳೆತ ಎಲೆ ಸಮಪಾಲು ತುಂಬಿದರೆ ಸಾಕು. ನೀರು ನಿಲ್ಲಬಾರದು, ಮುರಕಲ್ಲಿನ ಬಿರುಕಿನಲ್ಲಿ ಬೇರಿಳಿಸಿ ಬೆಳೆದ ಜಾತಿಗೆ ಕೆಸರು ಆಗದು. ಮೊದಲ ಎರಡು ಬೇಸಗೆ ನೀರು ಕೊಡಬೇಕು, ಆಮೇಲೆ ಅದರ ಪಾಡಿಗೆ ಅದು. ಜಾಗ ಇಲ್ಲದವರಿಗೆ ಕುಂಡವೂ ಆದೀತು, ಆದರೆ ಅಡಿ ಅಗಲಕ್ಕಿಂತ ಚಿಕ್ಕದು ಬೇಡ.

ಕತ್ತರಿಯ ಮಾತು. ಕೇಪಳ ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ. ಬೇಲಿಯನ್ನು ಪೆಟ್ಟಿಗೆಯ ಆಕಾರಕ್ಕೆ ತರಬೇಕೆಂದು ತಿಂಗಳಿಗೊಮ್ಮೆ ಕತ್ತರಿ ಆಡಿಸುವವರು ಬರಲಿರುವ ಗೊಂಚಲುಗಳನ್ನೇ ಕತ್ತರಿಸಿ ರಾಶಿ ಹಾಕುತ್ತಾರೆ. ಹೋಟೆಲ್ಲು, ಕಚೇರಿಗಳ ಮುಂದೆ ಇಸ್ತ್ರಿ ಮಾಡಿದಂತೆ ನಿಂತಿರುವ, ಒಂದೂ ಹೂವಿಲ್ಲದ ಇಕ್ಸೋರಾ ಬೇಲಿಗಳ ಗುಟ್ಟು ಇಷ್ಟೇ. ಮುಖ್ಯ ಹೂವು ಮುಗಿದ ಮೇಲೆ, ಮಳೆ ಹಿಡಿಯುವ ಹೊತ್ತಿಗೆ, ವರ್ಷಕ್ಕೊಮ್ಮೆ ಹಗುರವಾಗಿ ಸವರಿದರೆ ಸಾಕಾಗುತ್ತದೆ. ಬಿಳಿ ತಿಗಣೆ, ಶಲ್ಕಕೀಟ ಬಂದರೆ ಅವು ಕಾರುವ ಸಿಹಿಗೆ ಇರುವೆ ಬರುತ್ತದೆ, ಎಲೆಗೆ ಮಸಿ ಹಿಡಿಯುತ್ತದೆ. ನೀರಿನ ರಭಸಕ್ಕೆ ತೊಳೆದು ಬೇವಿನೆಣ್ಣೆ ಹೊಡೆಯಬಹುದು. ಎಲೆ ಹೊಲಿದು ಗೂಡು ಮಾಡಿದ ಚಗಳಿ ಇರುವೆ ಇದ್ದರೆ ಗಿಡಕ್ಕಿಂತ ಕೈ ಹಾಕುವವರೇ ಜಾಗ್ರತೆ ಮಾಡಿಕೊಳ್ಳಬೇಕು.

ನರ್ಸರಿಯಲ್ಲಿ ಇಕ್ಸೋರಾ ಎಂಬ ಹೆಸರಿನಲ್ಲಿ ಸಿಗುವುದೆಲ್ಲ ನಮ್ಮ ಗುಡ್ಡದ್ದಲ್ಲ. ಜಗತ್ತಿನಲ್ಲಿ ಈ ಕುಲದ ಸುಮಾರು 500 ಜಾತಿಗಳಿವೆ. ಎಸಳಿನ ತುದಿ ದುಂಡಗಿದ್ದರೆ ಅದು ಬಹುಶಃ ಚೀನಾ, ಮಲಯದ ಕಡೆಯ ಜಾತಿ, ಇಲ್ಲವೇ ಬೆರಕೆ. ಎರಡು ಕೈ ಸೇರಿಸಿದರೂ ಹಿಡಿಯದಷ್ಟು ದೊಡ್ಡ ಗೊಂಚಲಿನ ಸೂಪರ್ ಕಿಂಗ್, ಮೊಣಕಾಲೆತ್ತರ ದಾಟದ ಗಿಡ್ಡ ತಳಿಗಳು, ಹಳದಿ, ಗುಲಾಬಿ, ಕಿತ್ತಳೆ ಎಲ್ಲ ಇವೆ. ಅವು ಕೆಟ್ಟವಲ್ಲ, ದಕ್ಷಿಣ ಅಮೆರಿಕದ ಸುರಿನಾಮ್ ದೇಶವಂತೂ ಇಕ್ಸೋರಾವನ್ನೇ ತನ್ನ ಹೂವೆಂದು ಕರೆದುಕೊಂಡಿದೆ. ಆದರೆ ಬೆರಕೆ ತಳಿಗಳಲ್ಲಿ ಹಲವು ಹಣ್ಣೇ ಕಟ್ಟುವುದಿಲ್ಲ. ಪಿಕಳಾರಕ್ಕೆ ಹಣ್ಣು ಬೇಕು, ಮಕ್ಕಳಿಗೂ ಬೇಕು.

ಹೊರಗಿನ ಹೂವಿನ ಮೋಹ ಇವತ್ತಿನದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ತಿಂಗಳಿಗೊಂದು ಮರ ಹೂ ಬಿಡುವಂತೆ ಯೋಜಿಸಿದ. ಜಕರಂಡ, ಟಬೆಬುಯ, ಗುಲ್‌ಮೊಹರುಗಳಿಂದ ಊರು ನಿಜಕ್ಕೂ ಚೆಂದವಾಯಿತು. ಅದರ ಬೆನ್ನಿಗೆ ಹೂದೋಟ ಎಂದರೆ ಹಡಗಿನಲ್ಲಿ ಬಂದದ್ದು ಎಂಬ ಅಭ್ಯಾಸವೂ ಬೆಳೆಯಿತು. ಹೂವಿನ ಅಂದಕ್ಕೆಂದೇ 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಲಂಟಾನ ಈಗ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನೊಳಗೆ ಕಾಲಿಡಲು ಬಿಡದಷ್ಟು ಹಬ್ಬಿದೆ. ಅಲ್ಲಿನ ಸೋಲಿಗರು ಅದನ್ನೇ ಕಡಿದು ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ. ಪ್ರತಿ ಪರದೇಶಿ ಗಿಡವೂ ಲಂಟಾನ ಆಗುವುದಿಲ್ಲ, ನಿಜ. ಆದರೂ ಹೋಲಿಕೆಗೆ ಕೇಪಳ ಎಷ್ಟು ಮರ್ಯಾದಸ್ಥ ಗಿಡ ಎಂದು ಹೇಳಲೇಬೇಕು.

ದೇಶಿ ಗಿಡ ಎಂದ ಮಾತ್ರಕ್ಕೆ ಎಲ್ಲ ಕಡೆ ಕೇಪಳ ನೆಡಿ ಎಂದರೆ ಅದೂ ತಪ್ಪು. ವಿಜಯಪುರ, ಕಲಬುರಗಿಯ ಎರೆಮಣ್ಣು ಕ್ಷಾರದ್ದು, ಸುಣ್ಣದ ಹರಳು ತುಂಬಿದ್ದು. ಅಲ್ಲಿ ಕೇಪಳವನ್ನು ನೆಲಕ್ಕೆ ಇಳಿಸುವುದೆಂದರೆ ಬಯಲುಸೀಮೆಯಲ್ಲಿ ಮೀನು ಸಾಕಿದ ಹಾಗೆ. ಅಲ್ಲಿಗೆ ಅಲ್ಲಿಯದೇ ಹೂವಿದೆ. ಬಂಗಾರದ ಬಣ್ಣದ ತಂಗಡಿ ಅಥವಾ ಆವರಿಕೆ, ಮುಳ್ಳಿನ ನಡುವೆ ಹಳದಿ ಅರಳಿಸುವ ಗೋರಟೆ, ಎಕ್ಕ. ಪಕ್ಕದ ತೆಲಂಗಾಣ ತಂಗಡಿಯನ್ನು ರಾಜ್ಯಪುಷ್ಪ ಮಾಡಿಕೊಂಡಿದೆ, ಬತುಕಮ್ಮ ಹಬ್ಬದಲ್ಲಿ ಅದನ್ನು ಅಡುಕಿ ಪೂಜಿಸುತ್ತದೆ. ನಮ್ಮಲ್ಲಿ ಅದೇ ಗಿಡ ಹೊಲದ ಬದುವಿನಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿದೆ. ಬೆಂಗಳೂರು, ಮೈಸೂರಿನ ಕೆಂಪುಮಣ್ಣಿನಲ್ಲಿ ಕೇಪಳ ಬರುತ್ತದೆ, ಗಡಸು ನೀರಿನಿಂದ ಕಾಪಾಡಿದರೆ.

ಅಡುಗೆಮನೆಯವರು ಸಿಟ್ಟಾಗುವ ಮೊದಲು ತಂಬುಳಿಯ ಮಾತು. ಒಂದು ಹಿಡಿ ಕೇಪಳದ ಹೂ ಅಥವಾ ಎಳೆ ಕುಡಿ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಸೇರಿಸಿ, ಉಪ್ಪು ಹಾಕಿದರೆ ಆಯಿತು. ಕುದಿಸಬಾರದು. ಹೊಟ್ಟೆ ಕೆಟ್ಟಾಗ ಇದನ್ನು ಅನ್ನಕ್ಕೆ ಕಲಸಿ ಕೊಡುವುದು ಕರಾವಳಿ, ಮಲೆನಾಡಿನ ಮನೆಗಳ ರೂಢಿ. ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎಳೆಮಕ್ಕಳ ಮೈಗೆ ಹಚ್ಚುವುದೂ ಇದೆ. ಮನೆಮದ್ದಿಗೆ ಮನೆಮದ್ದಿನಷ್ಟೇ ಬೆಲೆ. ಭೇದಿ ನಿಲ್ಲದಿದ್ದರೆ ವೈದ್ಯರಲ್ಲಿಗೇ ಹೋಗಬೇಕು. ಹೂ ಕೊಯ್ಯುವ ಗಿಡಕ್ಕೆ ಕೀಟನಾಶಕ ಹೊಡೆದಿರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೊನೆಗೆ, ಗಿಡ ಎಲ್ಲಿಂದ ತರುವುದು? ಗುಡ್ಡದಿಂದ ಬೇರುಸಮೇತ ಕಿತ್ತು ತಂದ ದೊಡ್ಡ ಗಿಡ ಬದುಕುವುದು ಕಷ್ಟ. ಬೇರು ಕಲ್ಲಿನ ಬಿರುಕಿನಲ್ಲೇ ಉಳಿದುಬಿಡುತ್ತದೆ. ಗೆಲ್ಲು ನೆಡುವುದೇ ಸುಲಭ. ಮಳೆ ಹಿಡಿದ ಮೇಲೆ, ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ, ಪೆನ್ಸಿಲಿಗಿಂತ ಸ್ವಲ್ಪ ಸಪೂರದ ಗೆಲ್ಲನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹೊಯ್ಗೆ ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಿನಲ್ಲಿ ಇಡಬೇಕು. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಐದು ಊರಿದರೆ ಎರಡು ಮೂರು ಉಳಿದಾವು. ಹಣ್ಣಿನ ಬೀಜವಾದರೆ ಸಿಪ್ಪೆ, ತಿರುಳು ತೊಳೆದು ಹಸಿಯಾಗಿರುವಾಗಲೇ ಬಿತ್ತಬೇಕು. ಮೊಳಕೆ ನಿಧಾನ, ಹೂ ಬರಲು ಕೆಲವು ವರ್ಷ ಬೇಕು, ಆದರೆ ಪ್ರತಿ ಗಿಡದ ಕೆಂಪೂ ಒಂದಿಷ್ಟು ಬೇರೆಯಾಗಿರುತ್ತದೆ.

ಆದ್ದರಿಂದ ಸಭೆಯಲ್ಲಿ ಒಂದು ವಿನಂತಿ. ಮೇ ತಿಂಗಳ ಕೊನೆಗೆ ಕೇಪಳದ ಹಣ್ಣು ಕಪ್ಪಾಗಿರುತ್ತದೆ, ಜೂನಿಗೆ ಗೆಲ್ಲು ನೆಡುವ ಮಳೆ ಬರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಊರಿನ ಯಾವುದಾದರೂ ಗುಡ್ಡದ ಬುಡದಲ್ಲಿ ಜೆಸಿಬಿ ಬಂದು ನಿಂತದ್ದು ಕಂಡರೆ, ಜಾಗದವರಿಗೆ ಒಂದು ಮಾತು ಹೇಳಿ, ಒಂದು ಅಡಕೆಹಾಳೆ, ಒಂದು ಕತ್ತಿ ಹಿಡಿದು ಅದಕ್ಕಿಂತ ಮೊದಲು ಗುಡ್ಡ ಹತ್ತಿ. ಹಾಳೆಯಲ್ಲಿ ಒಂದಿಪ್ಪತ್ತು ಗೆಲ್ಲು, ಕಿಸೆಯಲ್ಲಿ ಒಂದು ಮುಷ್ಟಿ ಹಣ್ಣು ತನ್ನಿ. ಇಳಿಯುವಾಗ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡರೆ ತಪ್ಪಿಲ್ಲ. ಬೀಜ ಮಾತ್ರ ಉಗಿಯಬೇಡಿ, ಅದೂ ಮನೆಗೆ ಬರಲಿ.